ನೋಟ್‌ಬುಕ್ಕಿನಲ್ಲಿ ಇಲ್ಲದ ಜುಲೈ

ಪಿಎಚ್.ಡಿ. ಪ್ರಬಂಧದ ಎರಡನೇ ಅಧ್ಯಾಯಕ್ಕೆ ಕೋಷ್ಟಕ ಸಿದ್ಧಪಡಿಸಿ ಮಾರ್ಗದರ್ಶಕರ ಮೇಜಿನ ಮೇಲಿಟ್ಟಾಗ ಅವರು ಅಂಕಿಗಳನ್ನು ಬಿಟ್ಟು ಅಂಕಿಗಳಿಲ್ಲದ ಮನೆಗಳನ್ನೇ ನೋಡತೊಡಗಿದರು. 2024ರ ಜನವರಿಯಿಂದ ಕಾಳಿ ನದಿಯ ಅಳಿವೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರಿನ ಉಪ್ಪಿನಂಶ, ಉಷ್ಣತೆ ಮತ್ತು ಕರಗಿದ ಆಮ್ಲಜನಕವನ್ನು ಅಳೆಯುತ್ತ, ಅಲ್ಲಿನ ಬಳಚಿನ, ಅಂದರೆ ಜನ ಹೆಕ್ಕಿ ತಿನ್ನುವ ಚಿಪ್ಪುಜೀವಿಯ, ಬೆಳವಣಿಗೆಯೊಂದಿಗೆ ಅವುಗಳನ್ನು ಹೋಲಿಸುವುದು ನನ್ನ ಕೆಲಸ. ಕೋಷ್ಟಕದಲ್ಲಿ ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ ಬರೀ ಅಡ್ಡಗೆರೆಗಳಿದ್ದವು. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಪ್ರತಿಕೂಲ ಹವಾಮಾನದಿಂದಾಗಿ ಮಾದರಿ ಸಂಗ್ರಹ ಸಾಧ್ಯವಾಗಲಿಲ್ಲ’ ಎಂದು ಬರೆದಿದ್ದೆ. ಅವರು ಕನ್ನಡಕ ತೆಗೆದು, “ಕಾರವಾರದಲ್ಲಿ ಮಳೆಗಾಲ ಅನ್ನುವುದು ಪ್ರತಿಕೂಲ ಹವಾಮಾನವೋ, ಅಥವಾ ಹವಾಮಾನವೋ?” ಎಂದು ಕೇಳಿದರು. ಬಯ್ದದ್ದಲ್ಲ, ಸುಮ್ಮನೆ ಕೇಳಿದ್ದು. ಆದರೂ ಆ ಮಾತು ಕೋಡಿಬಾಗದ ಬಾಡಿಗೆ ಕೋಣೆಯವರೆಗೂ ನನ್ನ ಹಿಂದೆಯೇ ಬಂತು.

ಆ ರಾತ್ರಿ ಪ್ಲಾಸ್ಟಿಕ್ ಹೊದಿಕೆಯ, ಅಂಚೆಲ್ಲ ಉಪ್ಪುನೀರಿಗೆ ಉಬ್ಬಿದ ಆ ನೋಟ್‌ಬುಕ್ಕನ್ನು ಮತ್ತೆ ತಿರುವಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೆಸರು ದೇಶದ ಎಲ್ಲ ಟಿವಿಗಳಲ್ಲಿ ಕೇಳಿಬಂದ ದಿನಗಳೇ ನನ್ನಲ್ಲಿ ಖಾಲಿ ಇದ್ದವು. ಶಿರೂರಿನ ಗುಡ್ಡ ಕುಸಿದ ದಿನ ಇಲ್ಲ, ಕಾಳಿ ಸೇತುವೆ ಬಿದ್ದ ದಿನವೂ ಇಲ್ಲ. ಫೆಬ್ರವರಿಯ ಒಂದು ಮಂಗಳವಾರ ಮಧ್ಯಾಹ್ನ ನೀರಿನ ಉಷ್ಣತೆ ಎಷ್ಟಿತ್ತು ಎಂದು ಕೇಳಿದರೆ ದಶಾಂಶದ ಸಮೇತ ಹೇಳಬಲ್ಲೆ. ನದಿ ನಿಜವಾಗಿ ನದಿಯಂತೆ ನಡೆದುಕೊಂಡ ಎಪ್ಪತ್ತೆಂಬತ್ತು ದಿನಗಳ ಬಗ್ಗೆ ಮಾತ್ರ, ವಾಟ್ಸ್ಆ್ಯಪಿನಲ್ಲಿ ಎಲ್ಲರಿಗೂ ಬಂದ ವಿಡಿಯೊಗಳನ್ನು ಬಿಟ್ಟರೆ, ನನ್ನ ಬಳಿ ಏನೂ ಇರಲಿಲ್ಲ.

ಎರಡನೇ ಸ್ಟೇಷನ್

ನಮ್ಮ ಭಾಷೆಯಲ್ಲಿ ನೀರು ತೆಗೆಯುವ ಜಾಗಕ್ಕೆ ಸ್ಟೇಷನ್ ಎನ್ನುತ್ತಾರೆ. ಮನೆಯಲ್ಲಿ ಮೊದಲ ಸಲ “ಇವತ್ತು ಮೂರು ಸ್ಟೇಷನ್‌ಗೆ ಹೋಗಿದ್ದೆ” ಎಂದಾಗ ಆಯಿ ಗಾಬರಿಯಾಗಿದ್ದಳು. ನನ್ನ ಮೊದಲನೆಯದು ಅಳಿವೆಯ ಬಾಯಿಗೆ ಹತ್ತಿರ, ಮೂರನೆಯದು ಒಳಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬಳಿ. ಎರಡನೆಯದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ಹಳೆ ಸೇತುವೆಯ ಕೆಳಗೆ, ಕೋಡಿಬಾಗ ದಡದ ಕಡೆಯಿಂದ ಎಣಿಸಿದ ಕಂಬದ ಪಕ್ಕ’ ಎಂದು ಬರೆದು, ಕಂಬದ ಸಂಖ್ಯೆಯನ್ನೂ ಒಂದು ವಕ್ರವಾದ ಚಿತ್ರವನ್ನೂ ಹಾಕಿದ್ದೆ. ಮೊಬೈಲ್ ಜಿಪಿಎಸ್ ತೋರಿಸುವ ಸಂಖ್ಯೆಗಳಿಗಿಂತ ಆ ಕಂಬವನ್ನೇ ನಾನು ಹೆಚ್ಚು ನಂಬಿದ್ದೆ. ಭರತ, ಅಂದರೆ ಕಡಲಿನ ಉಬ್ಬರ, ಎಷ್ಟೇ ಏರಲಿ, ದೋಣಿ ಎಷ್ಟೇ ಜಾರಲಿ, ಕಂಬ ಅಲ್ಲೇ ಇರುತ್ತದೆ ಎಂಬುದು ಲೆಕ್ಕಾಚಾರವಾಗಿತ್ತು.

ಕೆಲಸ ಸರಳವಾದದ್ದು. ದೋಣಿಯವರು ಹುಟ್ಟನ್ನು ಕಂಬಕ್ಕೆ ಒತ್ತಿ ದೋಣಿ ನಿಲ್ಲಿಸುತ್ತಾರೆ. ನಾನು ಬಕೆಟ್ ಇಳಿಸಿ ನೀರೆತ್ತಿ, ಬೆರಳಿನಿಂದ ಎರಡು ಹನಿಯನ್ನು ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು, ಮುಚ್ಚಳ ಒತ್ತಿ, ಸದಾಶಿವಗಡದ ಕಡೆಯ ಬೆಳಕಿಗೆ ಹಿಡಿದು ಒಂದು ಕಣ್ಣಿನಲ್ಲಿ ನೋಡುತ್ತೇನೆ. ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಕೂದಲಿನಷ್ಟು ತೆಳ್ಳಗಿನ ಗಡಿ. ಆ ಗಡಿ ಎಲ್ಲಿ ನಿಂತಿತೋ ಅದೇ ಉಪ್ಪಿನ ಅಳತೆ. ಏಪ್ರಿಲ್‌ನಲ್ಲಿ ಅದು ಮೂವತ್ತರ ಆಸುಪಾಸಿನಲ್ಲಿತ್ತು, ಅಂದರೆ ಸಾವಿರ ಭಾಗ ನೀರಿಗೆ ಮೂವತ್ತು ಭಾಗ ಉಪ್ಪು, ಬಹುತೇಕ ಕಡಲೇ. ಕಾಳಿಯ ವಿಚಾರದಲ್ಲಿ ಒಂದು ತೊಡಕಿದೆ. ಅಘನಾಶಿನಿಯಂತೆ ಇದು ಬಿಡುಬೀಸಾಗಿ ಹರಿಯುವ ನದಿಯಲ್ಲ. ಸೂಪಾ, ಕೊಡಸಳ್ಳಿ, ಕದ್ರಾ ಎಂದು ಮೆಟ್ಟಿಲು ಮೆಟ್ಟಿಲಾಗಿ ಅಣೆಕಟ್ಟುಗಳಿವೆ. ಹಾಗಾಗಿ ಅಳಿವೆಗೆ ಸಿಹಿನೀರು ಬರುವುದು ಮಳೆ ಬಂತೆಂದಷ್ಟೇ ಅಲ್ಲ, ಮೇಲೆ ವಿದ್ಯುತ್ತಿಗಾಗಿ ನೀರು ಬಿಟ್ಟರೆಂದೂ ಹೌದು. ಬೇಸಿಗೆಯಲ್ಲಿ ಒಮ್ಮೊಮ್ಮೆ ಕಾರಣವಿಲ್ಲದೆ ಗಡಿರೇಖೆ ಕೆಳಗಿಳಿದಾಗ ದೋಣಿಯವರು ಮೂಡಣಕ್ಕೆ ಗಲ್ಲ ತೋರಿಸಿ “ಕದ್ರಾ” ಎಂದಷ್ಟೇ ಹೇಳುತ್ತಿದ್ದರು.

ಆ ವರ್ಷ ಜೂನ್ ಹತ್ತರ ಸುಮಾರಿಗೆ ಗಡಿರೇಖೆ ಹದಿನೆಂಟಕ್ಕೆ ಬಂದಿತ್ತು. ಮುಂದಿನ ಪುಟ ಸೆಪ್ಟೆಂಬರಿನದು. ಅಲ್ಲಿ ಒಂಬತ್ತು. ನಡುವೆ ಅದು ಎಲ್ಲಿಗೆ ಹೋಗಿ ಹೇಗೆ ಮರಳಿತು ಎಂಬುದೇ ನನ್ನ ಪ್ರಬಂಧದ ಪ್ರಶ್ನೆ, ಅದಕ್ಕೇ ನನ್ನಲ್ಲಿ ಉತ್ತರವಿರಲಿಲ್ಲ.

ಆ ದಿನಗಳಲ್ಲಿ ನಾನೇನು ಮಾಡುತ್ತಿದ್ದೆ

ಓದುತ್ತಿದ್ದೆ ಎನ್ನುವುದು ಸುಳ್ಳಲ್ಲ. ಫೆಲೋಶಿಪ್ ಇಲ್ಲದೆ ಸಂಶೋಧನೆಗೆ ಸೇರಿದವರಿಗೆ ತಿಂಗಳಿಗೆ 37,000 ರೂಪಾಯಿಯ ಜೆಆರ್‌ಎಫ್, ಅಂದರೆ ನೆಟ್ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್, ಎನ್ನುವುದು ಬರೀ ಗೌರವದ ವಿಷಯವಲ್ಲ. ಅದು ಬಾಡಿಗೆ, ದೋಣಿಯ ಕೂಲಿ, ಮನೆಗೆ ಕಳಿಸದಿದ್ದರೂ ಮನೆಯಿಂದ ತರಿಸದಿರುವ ಸ್ವಾತಂತ್ರ್ಯ. ಪಕ್ಕದ ಕೋಣೆಯ ಗೆಳತಿ ಕನ್ನಡ ಎಂ.ಎ. ಮುಗಿಸಿದವಳು. ಜೂನ್ 18ರಂದು ಯುಜಿಸಿ ನೆಟ್ ಬರೆದು ಬಂದು, ಚೆನ್ನಾಗಿ ಬರೆದೆನೆಂದು ಬಂಗಡೆ ತಂದು ಸಾರು ಮಾಡಿದಳು. ಮರುದಿನ ರಾತ್ರಿ ಅಕ್ರಮದ ಶಂಕೆಯಿಂದ ಪರೀಕ್ಷೆಯೇ ರದ್ದಾದ ಸುದ್ದಿ ಬಂದಾಗ ಪಾತ್ರೆಯಲ್ಲಿ ಇನ್ನೂ ಸ್ವಲ್ಪ ಸಾರು ಉಳಿದಿತ್ತು. ಅವಳು ಅದನ್ನು ಬಿಸಿ ಮಾಡಿ, ಮಾತಾಡದೆ ಉಂಡಳು. ಎರಡು ದಿನ ಕಳೆದು ನಾನು ಬರೆಯಬೇಕಿದ್ದ, ವಿಜ್ಞಾನದವರ ಸಿಎಸ್ಐಆರ್ ನೆಟ್ ಮುಂದೂಡಿಕೆಯಾಯಿತು. ಹೊಸ ದಿನಾಂಕ ಜುಲೈ 25ರಿಂದ 27. ನಾನು ಪುಸ್ತಕ ಮುಚ್ಚಿಡಲೂ ಆಗದೆ, ತೆರೆದು ಓದಲೂ ಆಗದೆ, ಯಾವ ರಾಜ್ಯದಲ್ಲಿ ಯಾರನ್ನು ಬಂಧಿಸಿದರು, ಯಾವ ನ್ಯಾಯಾಲಯ ಏನು ಹೇಳಿತು ಎಂದು ದಿನವಿಡೀ ಮೊಬೈಲ್ ಉಜ್ಜುತ್ತ ಕೂತೆ. ಮಳೆ ಹೊಯ್ಯುತ್ತಿತ್ತು. ಕಿಟಕಿಯಿಂದ ಕಾಣುವಷ್ಟು ದೂರದಲ್ಲಿ ನದಿ ಇತ್ತು. ಒಂದು ಬಾಟಲಿ ನೀರು ತರಲು ದೋಣಿಯೇ ಬೇಕೆಂದಿಲ್ಲ, ದಡದ ಮೆಟ್ಟಿಲ ಮೇಲೆ ನಿಂತು ಬಗ್ಗಿದರೂ ಆಗುತ್ತಿತ್ತು ಎಂಬುದು ಆಗ ಹೊಳೆಯಲೇ ಇಲ್ಲ.

ಜುಲೈ 16ರ ಬೆಳಿಗ್ಗೆ ಶಿರೂರಿನ ಗುಡ್ಡ ಜಾರಿತು. ಅದರ ವಿವರ ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ರಸ್ತೆಬದಿಯ ಚಹಾ ಅಂಗಡಿ, ಗಂಗಾವಳಿಯೊಳಗೆ ತೇಲಿದ ಗ್ಯಾಸ್ ಟ್ಯಾಂಕರ್, ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಬಡಿದದ್ದು, ಎಲ್ಲವೂ ಎಲ್ಲರಿಗೂ ಗೊತ್ತು. ನನಗೆ ಅದು ಮೊದಲು ತಟ್ಟಿದ್ದು ದಾರಿಯಾಗಿ. ನನ್ನ ಮನೆ ಕುಮಟಾದ ಕಡೆ, ಕೋಣೆ ಕಾರವಾರದಲ್ಲಿ, ನಡುವೆ ಶಿರೂರು. ಆಯಿ ಫೋನು ಮಾಡಿ “ಬರಬೇಡ” ಎಂದಳು. ಆಮೇಲೆ ಐದು ನಿಮಿಷ ಬಿಟ್ಟು ಮತ್ತೆ ಮಾಡಿ, “ರೈಲಿನಲ್ಲೂ ಬರಬೇಡ” ಎಂದಳು. ಹೋಗಲಿಲ್ಲ. ಬದಲಿಗೆ ಗಂಗಾವಳಿಯ ಮೇಲೆ ಹಾರುವ ಡ್ರೋನುಗಳನ್ನು, ಮಲಯಾಳಂ ವಾಹಿನಿಗಳ ನೇರ ಪ್ರಸಾರವನ್ನು, ಅರ್ಥವಾಗದಿದ್ದರೂ, ರಾತ್ರಿ ಎರಡರವರೆಗೆ ನೋಡುತ್ತಿದ್ದೆ. ಗಂಗಾವಳಿಯ ಸೆಳೆತ ಎಷ್ಟು ಎಂದು ಅಲ್ಲಿ ಮೈಕ್ ಹಿಡಿದವರು ಗಂಟೆಗೊಮ್ಮೆ ಹೇಳುತ್ತಿದ್ದರು. ನಾಟ್ ಎಂಬ ಮಾಪನ ನನ್ನ ಪಠ್ಯದ ಪದ. ಅದು ಎಲ್ಲರ ಬಾಯಲ್ಲಿತ್ತು. ಗುಡ್ಡದ ಮಣ್ಣಿನೊಂದಿಗೆ ನದಿ ಸೇರಿದ್ದ ಕೇರಳದ ಚಾಲಕನ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗೋವಾದಿಂದ ಡ್ರೆಜರ್ ಬಂದ ಮೇಲೆ. ಅಷ್ಟರಲ್ಲಿ ಕ್ಯಾಮರಾಗಳಲ್ಲಿ ಹೆಚ್ಚಿನವು ಹೊರಟುಹೋಗಿದ್ದವು.

ನಡುವೆ ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದು ಬಂದೆ. ಅರಬೈಲ್ ಘಟ್ಟದಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕೂತವರೆಲ್ಲ ಗುಡ್ಡದ ಕಡೆಯನ್ನೇ ನೋಡುತ್ತಿದ್ದರು, ಕಣಿವೆಯ ಕಡೆ ಯಾರೂ ನೋಡಲಿಲ್ಲ. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಅರ್ಧಕ್ಕೆ ನಿಲ್ಲಿಸಿ ಕೆಂಪುಮಣ್ಣಿನ ಒಂದು ಹಸಿ ಗಾಯವನ್ನು ನೋಡಿ, ಅದು ಹಿಂದೆ ಸರಿದ ಮೇಲೆ ಚಿಲ್ಲರೆ ಎಣಿಸಿದರು. ನೆಟ್‌ನಲ್ಲಿ ಅರ್ಹತೆ ಸಿಕ್ಕಿತು, ಫೆಲೋಶಿಪ್ ಸಿಗಲಿಲ್ಲ. ಅದರ ಕತೆ ಬೇರೆ.

ಆಗಸ್ಟ್ 7ರ ನಸುಕಿಗೂ ಬಹಳ ಮುಂಚೆ, ಒಂದು ಗಂಟೆಯ ಹೊತ್ತಿಗೆ, ನಾಲ್ಕು ದಶಕ ಹಳೆಯ ಕಾಳಿ ಸೇತುವೆ ಕುಸಿಯಿತು. ತಮಿಳುನಾಡಿನ ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ಜೀವಂತ ಎತ್ತಿದರು. ಕೋಡಿಬಾಗದಲ್ಲಿದ್ದೂ ನಾನು ಆ ಸದ್ದು ಕೇಳಲಿಲ್ಲ. ಮಳೆಯೋ ನಿದ್ದೆಯೋ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ನಸುಕಿನಲ್ಲಿ ಕರೆ ಮಾಡಿ, ನನ್ನ ಕೋಣೆಯಿಂದ ನಡೆದು ಹೋಗುವಷ್ಟು ಹತ್ತಿರದ ಸುದ್ದಿಯನ್ನು ನನಗೆ ಹೇಳಿದ. ಬೆಳಕಾದ ಮೇಲೆ ಛತ್ರಿ ಹಿಡಿದು ಹೋಗಿ ಜನರ ಹೆಗಲ ಸಂದಿಯಿಂದ ನೋಡಿದೆ. ಹೊಸ ಸೇತುವೆ ಅದರ ಪಾಡಿಗೆ ನಿಂತಿತ್ತು. ಹಳೆಯದು ಹಲ್ಲು ಬಿದ್ದ ಬಾಯಿಯಂತೆ ಅಲ್ಲಲ್ಲಿ ಇತ್ತು, ಅಲ್ಲಲ್ಲಿ ಇರಲಿಲ್ಲ. ನಾಚಿಕೆಯಿಲ್ಲದೆ ಹೇಳುವುದಾದರೆ, ಆ ಗುಂಪಿನಲ್ಲಿ ನಿಂತು ನಾನು ಮೊದಲು ಮಾಡಿದ್ದು ಕಂಬ ಎಣಿಸಿದ್ದು. ಎರಡು ಸಲ ಎಣಿಸಿದರೂ ನನ್ನ ಸ್ಟೇಷನ್ ಎಲ್ಲಿತ್ತೆಂದು ಖಚಿತವಾಗಲಿಲ್ಲ.

ಅಜ್ಜನ ಲೆಕ್ಕ

ಮಾಣಿಕಟ್ಟಾ ಗಜನಿಯ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ತಗ್ಗು ಗದ್ದೆಬಯಲಿನ, ಅಂಚಿನ ಊರು ನನ್ನದು. ಅಘನಾಶಿನಿಯ ಅಳಿವೆಗೆ 2024ರ ಜನವರಿಯ ಕೊನೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಪಟ್ಟ ಬಂದಾಗ, 4,801 ಹೆಕ್ಟೇರ್ ಎಂಬ ಅಂಕಿಯನ್ನು ಪತ್ರಿಕೆಯಲ್ಲಿ ಓದಿ, ಅದರೊಳಗೆ ನಮ್ಮ ಗದ್ದೆ ಎಷ್ಟು ಚುಕ್ಕೆಯಾದೀತು ಎಂದು ನಕ್ಕಿದ್ದೆವು. ಅಲ್ಲಿ ಬೆಳೆಯುವುದು ಕಗ್ಗ, ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ಭತ್ತ. ತಡೆದುಕೊಳ್ಳುತ್ತದೆಂದರೆ ಎಷ್ಟು ಉಪ್ಪಿಗೂ ಆದೀತೆಂದಲ್ಲ. ಬಿತ್ತುವ ಮುಂಚೆ ಬೇಸಿಗೆಯಿಡೀ ಮಣ್ಣಿಗೆ ಇಳಿದ ಉಪ್ಪನ್ನು ಮಳೆ ತೊಳೆಯಬೇಕು. ಅದಕ್ಕೆ ಜಂತ್ರಡಿ, ಒಡ್ಡಿನಲ್ಲಿ ಹಲಗೆಯಿಟ್ಟ ತೂಬು. ಇಳಿತದಲ್ಲಿ ಹಲಗೆ ಎತ್ತಿದರೆ ಗದ್ದೆಯ ಮಳೆನೀರು ಉಪ್ಪನ್ನು ಕರಗಿಸಿಕೊಂಡು ನದಿಗೆ ಇಳಿಯುತ್ತದೆ, ಭರತ ತಿರುಗುವ ಮುಂಚೆ ಹಲಗೆ ಬಿಟ್ಟರೆ ನದಿಯ ಉಪ್ಪು ಒಳಗೆ ಬರುವುದಿಲ್ಲ. ದಿನಕ್ಕೆ ಎರಡು ಇಳಿತ, ಎರಡು ಭರತ, ಒಂದೊಂದು ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತ ಹೋಗುವ ಹೊತ್ತು. ಅಜ್ಜನಿಗೆ ಗಡಿಯಾರ ಬೇಕಿರಲಿಲ್ಲ, ತಿಥಿ ಸಾಕಿತ್ತು.

ನನಗೆ ಹತ್ತು ವರ್ಷವಿದ್ದಾಗಿನ ಒಂದು ಜೂನ್ ನೆನಪಿದೆ. ಮೂರು ದಿನ ಬಿಡದೆ ಮಳೆ ಬಂದು ನಿಂತಿತ್ತು. ಬೀಜವನ್ನು ನೆನೆಹಾಕುವುದೋ ಬೇಡವೋ ಎಂದು ಮನೆಯಲ್ಲಿ ಗುಣಾಕಾರ ನಡೆದಿತ್ತು. ಬೆಳಗಿನ ಜಾವ ಅಜ್ಜ ನನ್ನನ್ನೂ ಒಡ್ಡಿನ ಮೇಲೆ ಕರೆದುಕೊಂಡು ಹೋದ. ಬ್ಯಾಟರಿಯ ಬೆಳಕಿನಲ್ಲಿ ಏಡಿಗಳು ಅಡ್ಡಡ್ಡ ಓಡುತ್ತಿದ್ದವು. ಜಂತ್ರಡಿಯ ಬಳಿ ಕುಕ್ಕರಗಾಲಿನಲ್ಲಿ ಕೂತು, ಒಳಗಿನ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಸ್ವಲ್ಪ ಹೊತ್ತು ತಡೆದು ಉಗಿದ. “ಇನ್ನೂ ಉಪ್ಪದೆ” ಎಂದ. ನಾನೂ ಬೆರಳು ಅದ್ದಿ ನೆಕ್ಕಿದೆ. ನನಗೆ ಅದು ಬರೀ ಮಣ್ಣಿನ ರುಚಿ. “ಎಲ್ಲಿ ಉಪ್ಪದೆ?” ಎಂದರೆ, “ಕೊನೆಗೆ ಬರ್ತದೆ, ನಾಲಿಗೆ ಬುಡಕ್ಕೆ” ಎಂದ. ಮತ್ತೆರಡು ಮಳೆ ಹೋಯಿತು. ನಾಲ್ಕನೆಯ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಬೆರಳು ನೆಕ್ಕಿ “ಚಪ್ಪೆ ಬಂತು” ಎಂದು ಎದ್ದ. ಮನೆಗೆ ಬಂದವನೇ ಕೈಕಾಲು ತೊಳೆಯುವ ಮುಂಚೆ ಬೀಜದ ಬುಟ್ಟಿಯನ್ನು ನೀರಿಗಿಳಿಸಿದ. ಈಗ ರಿಫ್ರ್ಯಾಕ್ಟೋಮೀಟರಿನ ಗಾಜಿಗೆ ಹನಿ ಬಿಡುವಾಗಲೆಲ್ಲ, ಅಜ್ಜನ ಆ ಚಪ್ಪೆ ನನ್ನ ಮಾಪಕದ ಮೇಲೆ ಎಷ್ಟನೆಯ ಗೆರೆಯಾಗುತ್ತಿತ್ತು ಎಂದು ಯೋಚಿಸುತ್ತೇನೆ.

ಆದರೆ ಅಜ್ಜನನ್ನು ಇಲ್ಲಿ ಜ್ಞಾನಿಯಾಗಿ ನಿಲ್ಲಿಸುವ ಉದ್ದೇಶ ನನಗಿಲ್ಲ. ಹಳಬರ ಅರಿವಿನ ಬಗ್ಗೆ ನಮ್ಮ ವಿಚಾರಗೋಷ್ಠಿಗಳಲ್ಲಿ ಆಗುವ ಭಜನೆ ಸಾಕಷ್ಟಿದೆ. ಅವನಿಗೂ ಒಂದು ದೊಡ್ಡ ತೂತಿತ್ತು. ವರ್ಷಗಳನ್ನು ಅವನು ಒಡ್ಡು ಒಡೆದದ್ದರಿಂದ ಎಣಿಸುತ್ತಿದ್ದ. ‘ಒಡ್ಡು ಒಡೆದ ವರ್ಷ ನಿನ್ನ ಅಪ್ಪ ಹುಟ್ಟಿದ್ದು’, ‘ಕಗ್ಗ ಪೂರಾ ಕೊಚ್ಚಿಹೋದ ಮಳೆಗಾಲದಲ್ಲಿ ನಿನ್ನ ಅತ್ತೆಯ ಮದುವೆ ನಿಂತುಹೋದದ್ದು’. ಆ ನಡುವಿನ ವರ್ಷಗಳಲ್ಲಿ ಮಳೆ ಎಂದು ಬಂತು, ಚಪ್ಪೆ ಯಾವ ತಿಥಿಗೆ ಬಂತು ಎಂದು ಕೇಳಿದರೆ “ಆಮೇಲೆ ಎಲ್ಲ ಸರಿ ಇತ್ತು” ಎನ್ನುತ್ತಿದ್ದ. ನನ್ನ ನೋಟ್‌ಬುಕ್ಕಿನಲ್ಲಿ ನೆರೆ ಇಲ್ಲ, ಅವನ ನೆನಪಿನಲ್ಲಿ ನೆರೆಯ ಹೊರತು ಬೇರೇನೂ ಇಲ್ಲ. ಪತ್ರಿಕೆಗಳೂ ಟಿವಿಯವರೂ ಈ ಮಟ್ಟಿಗೆ ಅಜ್ಜನ ಕಡೆಯವರು. ಶಿರೂರಿನಲ್ಲಿ ಗುಡ್ಡ ಬಿದ್ದ ದಿನದಿಂದ ಸುದ್ದಿ. ಹೆದ್ದಾರಿಗಾಗಿ ಗುಡ್ಡದ ಪಾದ ಕಡಿದ ಮೇಲೆ ಪ್ರತಿ ಮಳೆಗೂ ಬುಟ್ಟಿಯಷ್ಟು, ಗಾಡಿಯಷ್ಟು ಮಣ್ಣು ಜಾರುವುದು ಯಾರ ಪುಸ್ತಕದಲ್ಲೂ ಬರುವುದಿಲ್ಲ. ಅದನ್ನು ಕಂಡವರು ಆ ದಾರಿಯ ಬಸ್ಸಿನವರು ಮಾತ್ರ.

ನಿನ್ನ ಅಭಿಪ್ರಾಯವೇನು

ಇತ್ತೀಚೆಗೆ ಊರಿಗೆ ಹೋದಾಗಲೆಲ್ಲ ಇದೊಂದು ಪ್ರಶ್ನೆ ಎದುರಾಗುತ್ತದೆ. ಕೇಣಿಯ ಬಂದರು, ಹೊನ್ನಾವರದ ಟೊಂಕದ ಬಂದರು, ಮೇಲೆ ಶರಾವತಿಯ 2,000 ಮೆಗಾವಾಟ್‌ನ ಭೂಗತ ಯೋಜನೆ, ಶಿರಸಿ ಕಡೆಯವರನ್ನು ಬೀದಿಗಿಳಿಸಿರುವ ಬೇಡ್ತಿ-ವರದಾ ನದಿ ಜೋಡಣೆ: ಒಂದು ಜಿಲ್ಲೆಗೆ ಎಷ್ಟೊಂದು! “ನೀನು ಸಮುದ್ರವನ್ನೇ ಓದುವವಳಲ್ಲವೇ, ಏನಾಗ್ತದೆ ಹೇಳು” ಎನ್ನುತ್ತಾರೆ. ನನಗೆ ಅಭಿಪ್ರಾಯ ಇದೆ. ನಾನು ವಿರೋಧದ ಪರ, ಅದು ಮನೆಯಿಂದ ಬಂದದ್ದು. ಬಳಚು ಹೆಕ್ಕಿ ಶಾಲೆಯ ಫೀಸು ಕಟ್ಟಿದ ಹೆಂಗಸರು ನಮ್ಮ ಕೇರಿಯಲ್ಲಿದ್ದಾರೆ, ಅವರ ಕಡೆಗೇ ನನ್ನ ಮಾತು ವಾಲುತ್ತದೆ. ಆದರೆ ಸಭೆಯಲ್ಲಿ ಎದ್ದು ‘ಸಂಶೋಧಕಿಯಾಗಿ ಹೇಳುತ್ತೇನೆ’ ಎಂದು ಬಾಯಿ ತೆರೆದರೆ, ಯಾರಾದರೂ ‘ಮಳೆಗಾಲದ ಅಂಕಿ ಕೊಡಿ’ ಎಂದರೆ ಏನು ಕೊಡಲಿ?

ಕೇಳುವವರಲ್ಲೂ ಅದು ಇರುವುದಿಲ್ಲ ಎಂಬುದು ಆಮೇಲೆ ತಿಳಿಯಿತು. 2006ರ ಅಧಿಸೂಚನೆಯಂತೆ ನಡೆಯುವ ಪರಿಸರ ಪರಿಣಾಮ ಅಧ್ಯಯನಗಳಲ್ಲಿ, ನದಿಕಣಿವೆಯ ಯೋಜನೆಗಳಂಥವನ್ನು ಬಿಟ್ಟರೆ, ಸಾಮಾನ್ಯವಾಗಿ ಒಂದು ಋತುವಿನ ಮೂಲ ದತ್ತಾಂಶ ಸಾಕು. ಅದೂ ಮಳೆಗಾಲ ಬಿಟ್ಟ ಋತು. ಇದಕ್ಕೆ ತರ್ಕವಿಲ್ಲದಿಲ್ಲ. ಗಾಳಿಯ ದೂಳನ್ನು ಅಳೆಯುವುದಾದರೆ ಮಳೆ ಎಲ್ಲವನ್ನೂ ತೊಳೆದುಬಿಡುತ್ತದೆ, ಒಣದಿನಗಳೇ ಕಠಿಣ ಪರೀಕ್ಷೆ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆಯ ಬಹುಪಾಲನ್ನು ನಾಲ್ಕು ತಿಂಗಳಲ್ಲಿ ಸುರಿಸಿಕೊಳ್ಳುವ ಕರಾವಳಿಯ ಅಳಿವೆಯನ್ನು ಮಳೆ ಬಿಟ್ಟು ಅಳೆಯುವುದೆಂದರೆ, ಮದುವೆ ಮನೆಯ ಖರ್ಚನ್ನು ಮದುವೆಯ ದಿನ ಬಿಟ್ಟು ಲೆಕ್ಕ ಹಾಕಿದಂತೆ. ಇದನ್ನು ಓದಿದ ದಿನ ನನಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ, ನನ್ನ ಕೋಷ್ಟಕದ ಅಡಿಟಿಪ್ಪಣಿಗೂ ಆ ನಿಯಮಕ್ಕೂ ವ್ಯತ್ಯಾಸವೇನೆಂದು ಹುಡುಕಿದೆ. ಅವರು ಮೊದಲೇ ಬರೆದಿಟ್ಟಿದ್ದರು, ನಾನು ಆಮೇಲೆ ಬರೆದಿದ್ದೆ.

ಬಾಟಲಿಗಳು

2025ರ ಮೇ ತಿಂಗಳಲ್ಲಿ ದೋಣಿಯವರ ಬಳಿ ಹೋಗಿ, ಮಳೆ ಹಿಡಿದ ಮೇಲೆ ದೋಣಿ ಬೇಡ, ವಾರಕ್ಕೆ ಎರಡು ಸಲ ಇಳಿತದ ಹೊತ್ತಿಗೆ ನಿಮ್ಮ ಮನೆಯ ಹಿಂದಿನ ಮೆಟ್ಟಿಲಿನಿಂದ ಒಂದು ಬಾಟಲಿ ನೀರು ತುಂಬಿಸಿ ಇಡಬಹುದೇ ಎಂದು ಕೇಳಿದೆ. ನಾನು ಇರುವ ದಿನ ನಾನೇ ಬರುತ್ತೇನೆ, ಇಲ್ಲದ ದಿನ ನೀವು. ದಿನಾಂಕದ ಚೀಟಿ ಅಂಟಿಸಿದ ಬಾಟಲಿಗಳ ಒಂದು ಬುಟ್ಟಿ ಕೊಟ್ಟು ಬಂದೆ. ಕೊಂಕಣಿ ಮನೆಮಾತಿನ ಅವರು ಕಡಿಮೆ ಮಾತಿನವರು, “ಹೂಂ” ಎಂದರು.

ಜುಲೈ ಕೊನೆಗೆ ಬಾಟಲಿಗಳನ್ನು ತಂದು ನೋಡಿದರೆ ಒಂದೊಂದರ ಚೀಟಿಯ ಮೇಲೂ ಪೆನ್ನಿನ ಗೀಟುಗಳಿದ್ದವು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಮೊದಲ ವಾರದ್ದಕ್ಕೆ ಮೂರು. ಕೇಳಿದ್ದಕ್ಕೆ, ತುಂಬಿಸುವಾಗ ನಾಲಿಗೆಗೆ ಹಚ್ಚಿ ನೋಡಿದ್ದಾಗಿ ಹೇಳಿದರು. ಒಂದು ಗೀಟೆಂದರೆ ಉಪ್ಪಿಲ್ಲ, ಮೂರೆಂದರೆ ಕಡಲು. ನಾನು ಕೇಳಿರಲಿಲ್ಲ, ಅವರಿಗೆ ತೋಚಿತು. ರಿಫ್ರ್ಯಾಕ್ಟೋಮೀಟರ್ ಹಿಡಿದು ಒಂದೊಂದನ್ನೇ ನೋಡಿದೆ. ಒಂದು ಗೀಟಿನವು ಸೊನ್ನೆಯಿಂದ ಮೂರರ ಒಳಗೆ. ಜುಲೈ ನಡುವಿನ ಒಂದು ಬಾಟಲಿಗೆ ಎರಡು ಗೀಟು ಕಂಡಾಗ ಮಾತ್ರ ಇದು ತಪ್ಪಿರಬೇಕು ಎಂದುಕೊಂಡೆ. ಮಳೆಗಾಲದ ನಡುಮಧ್ಯದಲ್ಲಿ ಎಲ್ಲಿಯ ಉಪ್ಪು? ಗಡಿರೇಖೆ ಹನ್ನೊಂದಕ್ಕೆ ನಿಂತಿತು. ಆ ವಾರ ಮಳೆ ಬಿಡುವು ಕೊಟ್ಟಿತ್ತು, ಹುಣ್ಣಿಮೆಯ ಭರತ ಕಡಲನ್ನು ಒಳಗೆ ತಂದಿತ್ತು. ನಾನು ಇಷ್ಟು ದಿನ ಜೂನಿನಿಂದ ಸೆಪ್ಟೆಂಬರಿಗೆ ಮನಸ್ಸಿನಲ್ಲೇ ಎಳೆದುಕೊಂಡಿದ್ದ ಸೊನ್ನೆಯ ನೇರ ಗೆರೆ ಅಲ್ಲಿ ಒಡೆಯಿತು. ಸಿಹಿನೀರು ಬಂದಾಗ ಬಳಚು ಚಿಪ್ಪು ಬಿಗಿದುಕೊಂಡು ಕೂರುತ್ತದೆ, ಆದರೆ ಎಷ್ಟು ದಿನವೆಂದು ಕೂತೀತು? ನಡುವೆ ಇಂಥ ಎರಡು ಮೂರು ದಿನಗಳ ಬಿಡುವಿನಲ್ಲಿ ತೆರೆದು ಉಸಿರಾಡುತ್ತಿರಬೇಕು ಎಂಬುದು ಸದ್ಯಕ್ಕೆ ನನ್ನ ಊಹೆ. ಮುಂದಿನ ಮಳೆಗಾಲದ ಕೆಲಸವೂ ಅದೇ.

ಹೊಸ ಕೋಷ್ಟಕದಲ್ಲಿ ಉಪ್ಪಿನಂಶದ ಪಕ್ಕ ಗೀಟುಗಳ ಒಂದು ಸಾಲನ್ನೂ ಸೇರಿಸಿದೆ. ಮಾರ್ಗದರ್ಶಕರು ಅದರ ಸುತ್ತ ಪೆನ್ಸಿಲಿನಲ್ಲಿ ವೃತ್ತ ಎಳೆದು, ‘ವಿಧಾನದಲ್ಲಿ ಇದನ್ನು ಹೇಗೆ ಬರೆಯುತ್ತೀ?’ ಎಂದು ಬರೆದಿದ್ದಾರೆ. ಅದನ್ನು ನಾನು ಅಳಿಸಿಲ್ಲ, ಅವರೂ ಮತ್ತೆ ಕೇಳಿಲ್ಲ. ದೋಣಿಯವರು ಮಾತ್ರ ಕಳೆದ ವಾರ ಮೆಟ್ಟಿಲ ಮೇಲೆ ಬಲೆ ಹೊಲಿಯುತ್ತ, ತಮಗೆ ಎಷ್ಟು ಮಾರ್ಕು ಬಂತೆಂದು ವಿಚಾರಿಸಿದರು. ಹತ್ತೊಂಬತ್ತು ಬಾಟಲಿಗಳಲ್ಲಿ ಹದಿನೇಳು ಸರಿ ಎಂದೆ. ತಪ್ಪಿದ ಎರಡು ಯಾವ ದಿನದವು ಎಂದು ಕೇಳಿ, ನಾನು ದಿನಾಂಕ ಹೇಳಿದ ಮೇಲೆ ಸೂಜಿ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿ, ಆ ಎರಡು ದಿನ ಬಾಯಲ್ಲಿ ಎಲೆಯಡಿಕೆಯ ಕವಳ ಇತ್ತು ಎಂದರು.